ಬಟ್ಟೆ ಒಗೆದಾಯಿತು

ಕೆಲವರ ಪ್ರೀತಿ ಬಾಯಲ್ಲಿರುತ್ತದೆ, ಕೆಲವರದು ಕಣ್ಣಲ್ಲಿ. ನಮ್ಮ ಮನೆಯವರದು ಸ್ಕ್ರೂ ಡ್ರೈವರಿನಲ್ಲಿದೆ. ಮದುವೆಯಾದ ಹೊಸದರಲ್ಲಿ ನಾನು ಮುನಿಸಿಕೊಂಡು ಕೂತರೆ ಅವರು ಬಂದು ಸಮಾಧಾನ ಹೇಳುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಮಿಕ್ಸಿ ಬಿಚ್ಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಗುಂಯ್ ಎಂದರೆ ರಾಜಿಯಾಯಿತೆಂದು ನಾನು ತಿಳಿದುಕೊಳ್ಳಬೇಕು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಸಾರಿ, ಥ್ಯಾಂಕ್ಯೂ, ಪ್ಲೀಸ್ ಎಲ್ಲ ಕಲಿಸಿದ್ದರು. ಮಿಕ್ಸಿಯ ಭಾಷೆ ಮಾತ್ರ ಕಲಿಸಿರಲಿಲ್ಲ.

ಈಗ ಅವರಿಗೆ ಬಳ್ಳಾರಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಕೊಟ್ಟ ಕೋಣೆಯಲ್ಲಿ ನಾಲ್ಕು ಮಂಚ, ನಾಲ್ಕು ಗಂಡಸರು. ನಾನು ಹೋಗಿ ಇರುವ ಮಾತಿಲ್ಲ. ಹಾಗಾಗಿ ನಾನು ಶಹಾಪುರದ ಮನೆಯಲ್ಲಿ, ಅವರು ವಾರ ಬಿಟ್ಟು ವಾರ ಬಸ್ಸಿನಲ್ಲಿ. ಶನಿವಾರ ಸಂಜೆ ಬಂದವರು ರವಿವಾರ ಸಂಜೆ ಹೊರಟೇಬಿಡುತ್ತಾರೆ. ನಡುವಿನ ದಿನಗಳಿಗೆ ಫೋನಿದೆಯಲ್ಲ ಎಂದು ಸುರಪುರದಿಂದ ನನ್ನ ಅಕ್ಕ ಧೈರ್ಯ ಹೇಳುತ್ತಾಳೆ. ಅವಳಿಗೇನು ಗೊತ್ತು ಆ ಫೋನಿನ ವೈಭವ!

“ಉಂಡ್ಯಾ?”

“ಉಂಡೆರಿ. ನೀವು?”

“ಹಂ. ಇಡ್ತೀನಿ.”

ನಮ್ಮೂರಿನ ಗುಡ್ಡದ ಸಾಲಿನಲ್ಲಿ ಮಲಗಿದಂತೆ ಕಾಣುವ ಕಲ್ಲಿನ ಬುದ್ಧನಾದರೂ ಇದಕ್ಕಿಂತ ಹೆಚ್ಚು ಮಾತಾಡುತ್ತಾನೆ ಅನ್ನಿಸುತ್ತದೆ ಎಷ್ಟೋ ಸಲ. ಅವನು ಕನಿಷ್ಠ ‘ಇಡ್ತೀನಿ’ ಅನ್ನುವುದಿಲ್ಲ.

ಆ ಮಾತನ್ನು ಒಂದಿಷ್ಟು ಎಳೆಯಲೆಂದೇ ನಾನೊಮ್ಮೆ ವಾಷಿಂಗ್ ಮಷೀನಿನ ಸುದ್ದಿ ತೆಗೆದೆ. ಅದು ಮಾಳಿಗೆಯ ಮೇಲಿನ ಕೋಣೆಯಲ್ಲಿದೆ. ಬಟ್ಟೆ ಹಾಕಿ ಕೆಳಗೆ ಬಂದರೆ ಮುಗಿದದ್ದು ಗೊತ್ತಾಗುವುದಿಲ್ಲ, ಮರೆತುಬಿಡುತ್ತೇನೆ, ಮರುದಿನ ಹೋಗಿ ನೋಡಿದರೆ ಮುಗ್ಗಲು ವಾಸನೆ. ಇಷ್ಟು ಹೇಳಿ, “ನೀವಿದ್ದರ ನೆನಪು ಮಾಡ್ತಿದ್ರಿ” ಎಂದು ಕೊನೆಗೊಂದು ಬಾಲ ಹಚ್ಚಿದೆ. ನನ್ನ ಲೆಕ್ಕದಲ್ಲಿ ಮುಖ್ಯ ಸಮಾಚಾರ ಇದ್ದದ್ದು ಆ ಬಾಲದಲ್ಲಿ. ಅವರು ಮಷೀನನ್ನಷ್ಟೇ ಕೇಳಿಸಿಕೊಂಡರು.

ಮುಂದಿನ ಶನಿವಾರ ಬಂದವರ ಚೀಲದಿಂದ ಒಂದು ಬಿಳಿ ಪ್ಲಗ್ಗು ಹೊರಬಿತ್ತು. ಸ್ಮಾರ್ಟ್ ಪ್ಲಗ್ಗಂತೆ. ಎಷ್ಟು ಕರೆಂಟು ಎಳೆಯುತ್ತಿದೆ ಎಂದು ತಾನೇ ಅಳೆದು ಹೇಳುತ್ತದಂತೆ. ಮಷೀನು ನಿಂತು ಕರೆಂಟು ಇಳಿದ ಕೂಡಲೇ ಮೊಬೈಲಿಗೆ ಸಂದೇಶ ಕಳಿಸುತ್ತದಂತೆ. ಆದರೆ ಕಂಪನಿಯವರು ಒಳಗೆ ತುಂಬಿದ ಸಾಫ್ಟ್‌ವೇರ್ ನಮ್ಮ ಮನೆಯ ಸುದ್ದಿಯನ್ನೆಲ್ಲ ಮೊದಲು ತಮ್ಮ ಕಂಪ್ಯೂಟರಿಗೆ ಒಯ್ಯುತ್ತದೆ. ಹಾಸ್ಟೆಲಿನಲ್ಲಿ ನಮ್ಮ ಪತ್ರಗಳನ್ನು ಸಿಸ್ಟರು ಓದಿ ನೋಡಿ ಆಮೇಲೆ ಟಪಾಲಿಗೆ ಹಾಕುತ್ತಿದ್ದರು, ಹಾಗೆ. “ನಮ್ಮ ಬಟ್ಟಿ ಸುದ್ದಿ ಅವರಿಗ್ಯಾಕ? ಅದನ್ನ ತಗದು ಬ್ಯಾರೇದು ಹಾಕ್ತೀನಿ” ಎಂದು ರವಿವಾರ ಬೆಳಗಾದದ್ದೇ ಪ್ಲಗ್ಗು ಬಿಚ್ಚಿದರು.

ಅಂದು ಸಂಜೆವರೆಗೂ ಕೂತು ಮಾತಾಡಬೇಕೆಂದು ನಾನು ಹೊಸ ಸೀರೆ ಉಟ್ಟಿದ್ದೆ. ಇರಲಿ. ಪ್ಲಗ್ಗಿನ ಹೊಟ್ಟೆಯಿಂದ ಲ್ಯಾಪ್‌ಟಾಪಿಗೆ ಕೂದಲೆಳೆಯಂಥ ನಾಲ್ಕು ತಂತಿ ಹೋಗಬೇಕಿತ್ತು, ಬೆಸೆಯುವ ಸಾಮಾನು ಇರಲಿಲ್ಲ. “ಇಲ್ಲಿ ಒತ್ತಿ ಹಿಡಕೋ. ಅಲುಗಾಡಬ್ಯಾಡ” ಎಂದರು. ಹಿಡಿದೆ. ಎರಡು ತಂತಿ ನನ್ನ ಬೆರಳಲ್ಲಿ, ಎರಡು ಅವರ ಬೆರಳಲ್ಲಿ. ಅಷ್ಟು ಹೊತ್ತು ನಮ್ಮ ಕೈಗಳು ಒಂದಕ್ಕೊಂದು ತಾಗಿಕೊಂಡು ಕೂತದ್ದು ಎಷ್ಟು ವರ್ಷದ ಮೇಲೋ. ಅವರ ಹೆಬ್ಬೆರಳಿನ ಉಗುರಿನಲ್ಲಿ ಕಪ್ಪು ಗ್ರೀಸು, ಕಿವಿಯ ಮೇಲೆ ಹೊಸದಾಗಿ ಬೆಳ್ಳಗಾದ ಕೂದಲು. ಪರದೆಯ ಮೇಲೆ ಹೊಸ ಸಾಫ್ಟ್‌ವೇರ್ ಎಷ್ಟು ಇಳಿಯಿತೆಂದು ತೋರಿಸುವ ಗೆರೆ ಬೇಗ ಬೇಗ ತುಂಬುತ್ತಿತ್ತು. ಸ್ವಲ್ಪ ನಿಧಾನವಾದರೆ ಇದರ ಗಂಟೇನು ಹೋಗುತ್ತದೆ ಎಂದುಕೊಂಡೆ.

ಹೊಸ ಸಾಫ್ಟ್‌ವೇರಿಗೆ ಅಳತೆ ಕಲಿಸಬೇಕಂತೆ. ಅದಕ್ಕೆ ಎಷ್ಟು ವ್ಯಾಟ್ ಎಂದು ಖಾತ್ರಿಯಿರುವ ಹಳೆ ಕಾಲದ ತಂತಿ ಬಲ್ಬು ಬೇಕು. ನಮ್ಮನೆಯಲ್ಲಿ ಎಲ್ಲ ಎಲ್‌ಇಡಿ. ಹೀಗಾಗಿ ನನ್ನ ಹೊಸ ಸೀರೆಗೂ ಬಜಾರು ನೋಡುವ ಭಾಗ್ಯ ಬಂತು. ಮೂರು ಅಂಗಡಿಗಳಲ್ಲಿ ನಕ್ಕು ಕಳಿಸಿದರು. ನಾಲ್ಕನೆಯವರು ಏಣಿ ಹತ್ತಿ, ಮೇಲಿನ ಹಲಗೆಯಿಂದ ಧೂಳು ಹಿಡಿದದ್ದೊಂದನ್ನು ಇಳಿಸಿ ಕೇಳಿದರು: “ಕೋಳಿ ಮರಿ ಕಾಸಾಕೇನ್ರಿ?”

“ಅಲ್ರಿ, ಪ್ಲಗ್ಗಿಗೆ.”

“ಪ್ಲಗ್ಗಿಗೂ ಥಂಡಿ ಆಗಾಕತ್ತದೇನ್ರಿ ಈಗ?”

ನಮ್ಮ ಮನೆಯವರು ನಕ್ಕರು. ಬಜಾರಿನ ನಡುವೆ, ಬಾಯಿ ತೆರೆದು. ಮನೆಗೆ ಬಂದು ಟೇಬಲ್ ಲ್ಯಾಂಪಿಗೆ ಬಲ್ಬು ಹಾಕಿ, ಪ್ಲಗ್ಗಿಗೆ ಸಿಕ್ಕಿಸಿ ಹಚ್ಚಿದಾಗ ಪಡಸಾಲೆಯೆಲ್ಲ ಹಳದಿ. ಚಿಕ್ಕಂದಿನ ಸಂಜೆಗಳೆಲ್ಲ ಆ ಬಣ್ಣದವೇ. ಅವರು ತಲೆಯೆತ್ತಿ ನನ್ನನ್ನೇ ಒಂದು ಕ್ಷಣ ದಿಟ್ಟಿಸಿದರು. ಈಗ ಸೀರೆಯ ಮಾತು ಬರುತ್ತದೆ ಎಂದು ಕಾದೆ.

“ಐವತ್ತೇಳು ತೋರಸಾಕತ್ತದ” ಎಂದರು. “ಅರವತ್ತು ಇರಬೇಕು.”

ತಿದ್ದಿದರು. ಬಸ್ಸಿನ ಹೊತ್ತಾಗಿತ್ತು. ಇಬ್ಬರ ಮೊಬೈಲಿಗೂ ಸಂದೇಶ ಬರುವಂತೆ ಮಾಡಿ, “ನಾಳೆ ಇದನ್ನ ಮಷೀನಿಗೆ ಹಾಕು” ಎಂದು ಹೇಳಿ ಹೋದರು.

ಹಾಕಲಿಲ್ಲ. ಆ ಹಳದಿ ಬೆಳಕು ತೆಗೆಯಲು ಮನಸ್ಸು ಬರಲಿಲ್ಲ. ಮರುದಿನ ದೀಪ ಹಚ್ಚುವ ಹೊತ್ತಿಗೆ ಲ್ಯಾಂಪನ್ನೂ ಹಚ್ಚಿದೆ, ಊಟವಾದ ಮೇಲೆ ಆರಿಸಿದೆ. ಟಿಣ್ ಎಂದಿತು ಮೊಬೈಲು: ‘ಬಟ್ಟೆ ಒಗೆದಾಯಿತು. ಒಣಗಿಸಿ.’ ಪಾಪ, ಆ ಪ್ಲಗ್ಗಿಗೆ ಬಟ್ಟೆಯಾದರೇನು, ಬೆಳಕಾದರೇನು! ಹಿಂದೆಯೇ ಅವರ ಸಂದೇಶ: ‘ಈ ಹೊತ್ತಿನ್ಯಾಗ ಬಟ್ಟಿ?’ ನಾನು ಬರೆದೆ: ‘ಬಲ್ಬ್.’ ಬಹಳ ಹೊತ್ತಿನ ಮೇಲೆ ಉತ್ತರ ಬಂತು: ‘ಹಂ. ಒಣಹಾಕು.’ ಬೈಯಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅಂದಿನಿಂದ ದಿನಾ ಇದೇ. ಬಲ್ಬು ಆರುತ್ತದೆ, ಅವರು ‘ಒಣಹಾಕು’ ಅನ್ನುತ್ತಾರೆ, ನಾನು ‘ಹಾಕಿದೆರಿ’ ಅನ್ನುತ್ತೇನೆ. ಮಾಳಿಗೆಯ ಮೇಲೆ ನಿಜವಾದ ಬಟ್ಟೆಗಳು ಮೊದಲಿನಂತೆಯೇ ಮುಗ್ಗಲು ಹಿಡಿಯುತ್ತಿವೆ.

ಒಂದು ಸಂಜೆ ಗಾಳಿ ಎದ್ದು ಕರೆಂಟು ಹೋಯಿತು. ವೈಫೈಯೂ ಇಲ್ಲ, ಪ್ಲಗ್ಗಿಗೂ ಜೀವವಿಲ್ಲ, ಊಟದ ಹೊತ್ತು ದಾಟಿದರೂ ಸಂದೇಶ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು.

“ಏನಾತು? ಬಲ್ಬ್ ಯಾಕ ಹಚ್ಚಿಲ್ಲ? ಆರಾಮ ಇದ್ದೀಯಿಲ್ಲ?”

“ಕರೆಂಟ್ ಹೋಗ್ಯಾದರಿ.”

“ಒಬ್ಬಾಕೀನ ಕತ್ತಲದಾಗ ಕೂತೀಯೇನು? ತಡಿ, ಕರೆಂಟ್ ಬರೋತನಕ ಮಾತಾಡೂಣು.”

ಮಾತಾಡೂಣು! ಮೊಣಕಾಲು ನೋವಿನಿಂದ ಹಿಡಿದು ಪಕ್ಕದ ಮಂಚದವನ ಗೊರಕೆಯವರೆಗೆ ಎಲ್ಲ ಬಂತು. ಕೊನೆಗೆ, “ಅವತ್ತ ಆ ಸೀರಿ ಹೊಸಾದೇನು?” ಅಂದರು. ನಾನು ಹೌದು ಅನ್ನುವಷ್ಟರಲ್ಲಿ ಬೆಳಕು ಬಂತು. “ಬಂತಲ್ಲ, ಇಡ್ತೀನಿ.”

ಕರೆಂಟಿನವರ ಮೇಲೆ ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ನಿನ್ನೆ ಪಕ್ಕದ ಮನೆಯ ರಾಬಿಯಾ ಖಾಲಾ ಗೋಡೆಯ ಮೇಲಿಂದ ಕೇಳಿದರು: “ಯವ್ವಾ, ಓಣಿಗೆಲ್ಲಾ ಕರೆಂಟ್ ಇರ್ತದ, ನಿಮ್ಮ ಮನಿಗಷ್ಟ ಯಾಕ ಹೋಗ್ತದವಾ? ನಿಮ್ಮ ಯಜಮಾನರಿಗೆ ಹೇಳಬಾರದೇನು?”

“ಹೇಳೀನ್ರಿ ಖಾಲಾ. ಈ ಶನಿವಾರ ಬರ್ತಾರ. ಮೇನ್ ಸ್ವಿಚ್ಚಿಗೇ ಒಂದು ಮೀಟರ್ ಕೂಡಸ್ತಾರಂತ. ಕರೆಂಟ್ ತಾನಾಗೇ ಹೋಗ್ತದೋ, ಯಾರರ ತಗೀತಾರೋ, ಎಲ್ಲಾ ಗೊತ್ತಾಗ್ತದಂತ” ಎಂದೆ.

ಹೇಳಿ ಒಳಗೆ ಬಂದೆ. ಮೇನ್ ಸ್ವಿಚ್ಚು ಬಾಗಿಲ ಹಿಂದೆ ಸ್ವಲ್ಪ ಎತ್ತರದಲ್ಲಿದೆ, ನನ್ನ ಕೈಗೆ ನಿಲುಕುವುದಿಲ್ಲ. ಶನಿವಾರಕ್ಕೆ ಮುಂಚೆ ಅಲ್ಲಿಂದ ಸ್ಟೂಲು ತೆಗೆದಿಡಬೇಕು. ಇವತ್ತಿನ್ನೂ ಗುರುವಾರ.