ದರ್ಜಿ ಹಾಕಿದ ಬಿರಡೆ

ಮನೆಯವರು ಏಳುವ ಮೊದಲೇ ದರ್ಜಿ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಬಚ್ಚಲ ಕೊಳವೆಯ ಬಾಯಿಗೆ ಚಿಂದಿ ತುರುಕುತ್ತಿದ್ದ. ಪ್ಯಾಂಟಿನ ತುಂಡು, ಲಂಗದ ಅಂಚು, ಯಾರದೋ ಕೋಟಿನ ಒಳಬಟ್ಟೆ ಎಲ್ಲವೂ ಒಳಗೆ ಹೋದವು.

ಬೀದಿಯವರ ಬಚ್ಚಲ ನೀರೆಲ್ಲ ದೊಡ್ಡ ಚರಂಡಿಗೆ ಹೋಗುತ್ತಿತ್ತು. "ನಾಳೆ ಜೋಡಿಸಿದರಾಯಿತು" ಎನ್ನುತ್ತಲೇ ಬಂದ ಇವನ ಮನೆಯದು ಮಾತ್ರ ಕದ್ದುಮುಚ್ಚಿ ಹಿಂದಿನ ಹಳ್ಳಕ್ಕೆ ಬೀಳುತ್ತಿತ್ತು. ಇವತ್ತು ಶಾಲೆಯ ಮಕ್ಕಳು ಮನೆಗೊಂದು ಬಣ್ಣ ಬಚ್ಚಲಿಗೆ ಸುರಿದು, ಹಳ್ಳಕ್ಕೆ ಯಾರ ಬಣ್ಣ ಬರುತ್ತದೆಂದು ನೋಡುವವರಿದ್ದರು. ಆ ದಂಡಿನ ನಾಯಕಿ ದರ್ಜಿಯ ಮಗಳೇ! ಬೇಲಿಯೇ ಹೊಲ ಮೇಯಿತೆಂದು ಊರು ಅವಳನ್ನು ಆಡಿಕೊಂಡರೆ?

"ಅಪ್ಪಾ, ನಮ್ಮನೆಗೆ ಕೆಂಪು!" ಎನ್ನುತ್ತ ಮಗಳು ಬಕೆಟ್ ಬಗ್ಗಿಸಿದಳು. ದರ್ಜಿಯ ಎದೆ ಹೊಲಿಗೆ ಯಂತ್ರದ ಹಾಗೆ ಬಡಿಯಿತು.

ಹಳ್ಳದಲ್ಲಿ ಒಂದು ಹನಿ ಕೆಂಪೂ ಕಾಣಲಿಲ್ಲ. ದರ್ಜಿ ಉಸಿರು ಬಿಟ್ಟ. ಅಷ್ಟರಲ್ಲಿ ಟೀಚರ್, "ಮಕ್ಳೇ, ಕೆಸರು ಕಾಲು! ನಾಯಕಿ ಮನೇಲೇ ತೊಳ್ಕೊಳ್ಳಿ" ಎಂದರು.

"ಬೇಡ ಟೀಚರ್, ನಲ್ಲಿ ಕೆಟ್ಟಿದೆ!" ದರ್ಜಿ ಅಡ್ಡ ಬಂದ.

"ನಿನ್ನೆ ತಾನೆ ರಿಪೇರಿ ಮಾಡಿಸಿದ್ರಲ್ಲ ಭಾವ?" ಎದುರುಮನೆಯ ಗಾರೆಯವನು ಮೂಗು ತೂರಿಸಿದ.

ಇಡೀ ತರಗತಿ ಕಾಲು ತೊಳೆಯಿತು. ಬಚ್ಚಲು ಗುಳುಗುಳು ಎಂದು, ಮುನಿದ ಅತ್ತೆಯ ಹಾಗೆ ಉಬ್ಬಿ, ಉಕ್ಕಿ, ಕೆಂಪು ನೀರನ್ನು ನಡುಮನೆಗೆ ತಂದಿತು. ಟೀಚರ ಬಿಳಿ ಚಪ್ಪಲಿಗಳು ದಾಸವಾಳವಾದವು.

ಗಾರೆಯವನು ಹಿತ್ತಿಲಿಗೆ ಓಡಿದ. "ಸಿಕ್ತು! ಕೊಳವೆ ಹಳ್ಳಕ್ಕಿದೆ, ಬಾಯಿಗೆ ಯಾರೋ ಬಟ್ಟೆ ಗಿಡಿದಿದ್ದಾರೆ. ಎಳೀಲಾ?"

"ಎಳೀಬೇಡಿ ಮಾವ! ಎಲ್ಲಾ ಹಳ್ಳಕ್ಕೆ ಹೋಗುತ್ತೆ!" ಮಗಳು ಕಿರುಚಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. "ನೀನೇನಾ ಅಪ್ಪಾ?"

ದರ್ಜಿ ತಲೆ ತಗ್ಗಿಸಿದ. ಮುಗಿಯಿತು ಎಂದುಕೊಂಡ.

ಮಗಳ ಕಣ್ಣು ತುಂಬಿತು. "ಹಳ್ಳ ಕೆಡಬಾರ್ದು ಅಂತ ನಮ್ಮನೇನೇ ಮುಳುಗಿಸ್ಕೊಂಡ್ಯಾ!"

ಚಪ್ಪಾಳೆಗೆ ಹಂಚು ನಡುಗಿತು. "ಇಂಥ ಅಪ್ಪ ಇದ್ರೆ ಇಂಥ ಮಗಳು" ಎಂದು ಟೀಚರ್ ಕೆಂಪು ಕಾಲಲ್ಲೇ ನಿಂತು ಹೊಗಳಿದರು. ದರ್ಜಿಗೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಹೆಮ್ಮೆ. ಎಲ್ಲರಿಗೂ ಕೈ ಮುಗಿದ.

"ಚಿಂದಿ ಎಷ್ಟು ದಿನ ತಡೆದೀತು ಭಾವ? ನನ್ನ ಕಡೆಯಿಂದ ಒಂದು ಸೇವೆ" ಎಂದ ಗಾರೆಯವನು ಸಿಮೆಂಟು ಕಲಸಿ, ಕೊಳವೆಯ ಬಾಯನ್ನು ಶಾಶ್ವತವಾಗಿ ಮುಚ್ಚಿದ. ಮಕ್ಕಳು ನಾಯಕಿಯನ್ನು ಹೊತ್ತುಕೊಂಡು, ಬಣ್ಣ ಕಲಸಲು ದರ್ಜಿಯ ಮನೆಯ ಬಕೆಟ್ಟು ಚೊಂಬುಗಳನ್ನೆಲ್ಲ ಎತ್ತಿಕೊಂಡು, ಜೈಕಾರ ಹಾಕುತ್ತ ಮುಂದಿನ ಬೀದಿಗೆ ಹೊರಟರು.

ದರ್ಜಿ ಮೀನಖಂಡದವರೆಗಿನ ಕೆಂಪು ನೀರಲ್ಲಿ ನಿಂತು ಕಿಟಕಿಯಿಂದ ಕೂಗಿದ:

"ಒಂದಾದ್ರೂ ಬಕೆಟ್ ಬಿಟ್ಟು ಹೋಗ್ರಪ್ಪಾ!"