ಅಳಿಯ ಅಳೆದು ಸುರಿದ ಕಹಿ

“ಇವತ್ತು ನಿಮ್ಮಮ್ಮನ ಬಾಯಲ್ಲಿ ‘ಚೆನ್ನಾಗಿದೆ’ ಅನ್ನಿಸದಿದ್ರೆ ನನಗೆ ಬೇರೆ ಹೆಸರಿಡು!”

“ಇಟ್ಟು ಹನ್ನೊಂದು ವರ್ಷ ಆಯ್ತಲ್ರೀ, ಮಿಲಿಮೀಟರ್ ಅಂತ!”

ಹೆಂಡತಿ ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಆಕೆ ಹಲ್ಲಿನ ಡಾಕ್ಟರು. ದಿನಕ್ಕೆ ಮೂವತ್ತು ಬಾಯಿ ನೋಡಿ ಬಂದವಳಿಗೆ ಮನೆಯಲ್ಲಿ ಮೂವತ್ತೊಂದನೆಯದು ತೆರೆದರೆ ಸಹಿಸುತ್ತಿರಲಿಲ್ಲ. ಆ ಮೂವತ್ತೊಂದನೆಯ ಬಾಯಿಯ ಒಡೆಯ ಮಿಲಿಮೀಟರನದು ಕನ್ನಡಕದ ಅಂಗಡಿ. ಗಾಜನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಉಜ್ಜುವ ಕೈ ಅವನದು. ಆ ಚಾಳಿ ಮನೆಯವರೆಗೂ ಬಂದು, ಬ್ರೆಡ್ಡಿಗೆ ಬೆಣ್ಣೆ ಸವರುವಾಗಲೂ ಸ್ಕೇಲು ಹುಡುಕುತ್ತಿದ್ದ. ಅಳಿಯನೋ ಅಳೆಯುವವನೋ ಎಂದು ಅತ್ತೆಗೇ ಅನುಮಾನ!

ಅತ್ತೆಯೇನೂ ಸಾಮಾನ್ಯರಲ್ಲ. ಚಹಾ ಕಂಪನಿಯೊಂದರಲ್ಲಿ ಮೂವತ್ತಮೂರು ವರ್ಷ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಒಂದು ಗುಟುಕು ಬಾಯಿಗೆ ಹೋದರೆ ಸಾಕು, ಎಲೆ ಬೆಳೆದದ್ದು ಗುಡ್ಡದ ಯಾವ ಮಗ್ಗುಲಲ್ಲಿ, ಕಿತ್ತ ದಿನ ಬಿಸಿಲಿತ್ತೋ ಮೋಡವಿತ್ತೋ ಎಲ್ಲ ಹೇಳುತ್ತಿದ್ದರಂತೆ. ಅಂಥ ನಾಲಿಗೆಯಿಂದ ಹನ್ನೊಂದು ವರ್ಷದಲ್ಲಿ ಅಳಿಯನಿಗೆ ದಕ್ಕಿದ್ದು ಬರೀ “ಹ್ಞೂಂ”. ಅವನು ಮಾಡಿದ ಸೂಪಿಗೂ ಹ್ಞೂಂ, ಅವನು ಕೊಟ್ಟ ಕನ್ನಡಕಕ್ಕೂ ಹ್ಞೂಂ!

ಹಾಗಿರುವಾಗ ಹೋದ ವಾರ ಅವರು ಮಗಳಿಗೆ ಫೋನು ಮಾಡಿ, ತಮ್ಮ ಬೀಳ್ಕೊಡುಗೆ ಪಾರ್ಟಿಯಲ್ಲಿ ಕುಡಿದ ಕೆಂಪು ಪಾನೀಯವೊಂದರ ಸುದ್ದಿ ತೆಗೆದರು. ಊಟಕ್ಕೆ ಮುಂಚೆ ಹಸಿವು ಕೆರಳಲೆಂದು ಕೊಟ್ಟದ್ದಂತೆ. ಜಿನ್ನು, ಸಿಹಿಯಾದ ವರ್ಮೌತ್ ವೈನು, ಕೆಂಪನೆಯ ಕಹಿ ಮದ್ಯ, ಮೂರೂ ಸಮಸಮ. “ಚೆನ್ನಾಗಿತ್ತು” ಅಂದರಂತೆ! ಒಂದು ಗ್ಲಾಸು ಪಾನೀಯಕ್ಕೆ ಸಿಕ್ಕ ಮಾತು ಒಬ್ಬನೇ ಅಳಿಯನಿಗೆ ಸಿಗದೆ ಹೋಯಿತಲ್ಲ! ಭಾನುವಾರ ಸಂಜೆ ಐದಕ್ಕೆ ಅವರು ಬರುವವರಿದ್ದರು. ಅದನ್ನೇ ಮಾಡಿ ಕೈಗಿಡುತ್ತೇನೆಂದು ಮಿಲಿಮೀಟರ್ ತೊಡೆ ತಟ್ಟಿದ.

ಜಿನ್ನು ತಂದ, ವರ್ಮೌತ್ ತಂದ. ಕಹಿ ಮದ್ಯವೂ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಸಿದ್ಧ ಬಾಟಲಿ ತಂದು ಬಗ್ಗಿಸುವುದರಲ್ಲಿ ಏನು ದೊಡ್ಡಸ್ತಿಕೆ? ಮನೆಯಲ್ಲೇ ಇಳಿಸಬೇಕು! ಕಹಿಬೇರು, ಕಿತ್ತಳೆ ಸಿಪ್ಪೆ, ಒಣಗಿದ ಕೆಂಪು ಹೂವಿನ ಎಸಳು. ಇಷ್ಟನ್ನೂ ಜಿನ್ನಿನಲ್ಲಿ ಹದಿನೈದು ದಿನ ನೆನೆಸಿಡಬೇಕೆಂದು ವಿಧಾನದಲ್ಲಿತ್ತು.

“ಬೇರನ್ನ ನುಣ್ಣಗೆ ಪುಡಿ ಮಾಡಿದ್ರೆ ಹದಿನೈದು ದಿನದ್ದು ಹದಿನೈದು ನಿಮಿಷಕ್ಕೇ ಆಗುತ್ತೆ!” ಎಂದು ಮಿಕ್ಸರಿಗೆ ಆಶ್ವಾಸನೆ ಕೊಟ್ಟ.

ವಿಧಾನದ ಹಾಳೆಯಲ್ಲಿ ಬೇರು 4.0 ಗ್ರಾಂ ಎಂದು ಅಚ್ಚಾಗಿತ್ತು. ಜಾಡಿ ತೊಳೆಯುವ ಬಿಸಿನೀರಿನ ಹಬೆಗೆ ಕನ್ನಡಕ ಮಂಜಾಗಿ, ತೆಗೆದು ಪಕ್ಕಕ್ಕಿಟ್ಟಿದ್ದ. ಊರಿಗೆಲ್ಲ ಕಣ್ಣು ಕೊಟ್ಟವನ ಬರಿಗಣ್ಣಿಗೆ ನಾಲ್ಕು ಕಂಡಿತು, ಸೊನ್ನೆ ಕಂಡಿತು, ನಡುವಿನ ಚುಕ್ಕಿ ಮಾತ್ರ ಕಾಣಲಿಲ್ಲ. ನಲವತ್ತು ಗ್ರಾಮನ್ನು ಎಳ್ಳಷ್ಟೂ ಹೆಚ್ಚುಕಡಿಮೆಯಾಗದಂತೆ ತೂಗಿದ. ಎಂಥ ಕರಾರುವಾಕ್ಕಾದ ತಪ್ಪು!

ಮಿಕ್ಸರಿನ ಗುಂಡಿ ಒತ್ತಿದ್ದೇ ತಡ, ಸರಿಯಾಗಿ ಕೂರದ ಮುಚ್ಚಳ ಚಾವಣಿಗೆ ಹಾರಿತು. ಅದರ ಬೆನ್ನಿಗೇ ಕಂದು ಬಣ್ಣದ ಮೋಡ! ಗುಂಡಿ ಆರಿಸುವಷ್ಟರಲ್ಲಿ ಕಾಲುಭಾಗ ಪುಡಿ ಮನೆಪಾಲು. ಅಡುಗೆಮನೆಯ ಟವೆಲು ತೆಗೆದುಕೊಂಡು ಕಂಡದ್ದನ್ನೆಲ್ಲ ಒರೆಸಿದ. ಒರೆಸಿದ್ದೇ ಮುಳುವಾಯಿತು. ಕಹಿ ಇದ್ದಲ್ಲಿಂದ ಇಲ್ಲದಲ್ಲಿಗೂ ಸವಾರಿ ಹೊರಟಿತು.

ಉಳಿದ ಪುಡಿಯನ್ನು ನೆನೆಸಿ, ಸೋಸಿ, ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಬ್ಬಾ! ಜೀವಮಾನವೆಲ್ಲ ಬಣ್ಣಬಣ್ಣದ ಗಾಜು ನೋಡಿದವನು ಇಂಥ ಕೆಂಪನ್ನು ಕಂಡಿರಲಿಲ್ಲ. ಸೂರ್ಯನೇ ಜಾಡಿಯೊಳಗೆ ಇಳಿದು ಕೂತಂತಿತ್ತು. ಭಕ್ತಿಯಿಂದ ಒಂದು ಹನಿ ನಾಲಿಗೆಗಿಟ್ಟುಕೊಂಡ. ನಾಲಿಗೆ ಗಂಟಲೊಳಕ್ಕೆ ಓಡಿತು. ಕಿವಿ ಕೂಡ ಕಹಿಯಾಯಿತು! ಚಿಕ್ಕಂದಿನಲ್ಲಿ ಅಜ್ಜಿ ಮೂಗು ಹಿಡಿದು ಕುಡಿಸಿದ ಔಷಧಗಳೆಲ್ಲ ಸಾಲಾಗಿ ಬಂದು ನಮಸ್ಕಾರ ಹೇಳಿ ಹೋದವು.

ಐದಕ್ಕೆ ಐದು ನಿಮಿಷವಿರುವಾಗ ಹೆಂಡತಿ ಬಂದು ನೀರು ಕುಡಿದಳು.

“ಏನ್ರೀ, ನೀರು ಕಹಿ!”

“ನಲ್ಲೀದೇ ಇರ್ಬೇಕು.”

“ಬಿಸ್ಕತ್ತೂ ಕಹಿ!”

“ಹಳೇದೇನೋ.”

ಬಾಯಿ ತೊಳೆಯಲು ಬಚ್ಚಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು: “ಹಲ್ಲುಜ್ಜೋ ಬ್ರಷ್ಷೂ ಕಹಿ! ಇದರಲ್ಲಿ ಏನ್ ಉಜ್ಜಿದ್ರಿ?”

“ಮಿಕ್ಸರಿನ ಬ್ಲೇಡು… ಸಂದಿಗೆ ಬೇರೇನೂ ಹೋಗ್ತಿರಲಿಲ್ಲ ಕಣೇ. ತೊಳೆದೇ ಇಟ್ಟಿದ್ದೆ!”

ಹಲ್ಲಿನ ಡಾಕ್ಟರು ಹಲ್ಲು ಕಡಿದಳು. ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು.

ಅತ್ತೆ ಸೋಫಾದಲ್ಲಿ ಕೂತರು. ಮಗಳು ತೊಳೆದ ಪಾತ್ರೆಯನ್ನೇ ಮೂರು ಸಲ ತೊಳೆದು ಚಹಾ ಮಾಡಿ ತಂದಳು. ಅತ್ತೆ ಸುರ್‍ರೆಂದು ಒಂದು ಗುಟುಕು ಎಳೆದು ಬಾಯಲ್ಲೆಲ್ಲ ಹೊರಳಿಸಿದರು. ಗಂಡಹೆಂಡಿರು ಉಸಿರು ಬಿಗಿಹಿಡಿದರು. “ಹ್ಞೂಂ” ಕೂಡ ಬರಲಿಲ್ಲ!

ಅವರು ಕಪ್ಪು ಕೆಳಗಿಟ್ಟು ಎದ್ದು ಅಡುಗೆಮನೆಗೆ ನಡೆದರು. ಕಿರುಬೆರಳ ತುದಿಯನ್ನು ಅಲ್ಲಿಷ್ಟು ಇಲ್ಲಿಷ್ಟು ತಾಗಿಸಿ ನಾಲಿಗೆಗಿಟ್ಟುಕೊಂಡರು. ಕಣ್ಣು ಮುಚ್ಚಿದರು.

“ಶುರು ಮಿಕ್ಸರಲ್ಲಿ. ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಆಮೇಲೆ ಈ ಟವೆಲು. ಟವೆಲಿಂದ ಫ್ರಿಜ್ಜಿನ ಹಿಡಿಗೆ. ನಡುವೆ ಬಾಯಿ ಕಹಿ ತಡೀಲಾರದೆ ಸಕ್ಕರೆ ಡಬ್ಬಿಗೆ ಬೆರಳು ಹಾಕಿದ್ರಿ. ಎರಡು ಸಲ.”

“ಮೂರು,” ಎಂದ ಮಿಲಿಮೀಟರ್, ಮೆಲ್ಲಗೆ.

“ಮೂರನೇ ಸಲ ಕೈ ತೊಳೆದಿದ್ರಿ. ಬೇರು ಎಷ್ಟು ಹಾಕಿದ್ರಿ?”

“ಹಾಳೇಲಿ ಬರೆದಷ್ಟೇ ಅತ್ತೆ! ತಕ್ಕಡಿ ಸಾಕ್ಷಿ!”

ಅತ್ತೆ ಜಾಡಿಯ ಅಂಚಿನಿಂದ ಒಂದು ಹನಿ ತೆಗೆದು ರುಚಿ ನೋಡಿದರು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

“ನಲವತ್ತು. ಬೇಕಿದ್ದದ್ದು ನಾಲ್ಕು. ಇದರಲ್ಲಿ ಮೂವತ್ತಿದೆ. ಮಿಕ್ಕ ಹತ್ತು ಮನೆ ತುಂಬ ಇದೆ.”

ಮಿಲಿಮೀಟರ್ ಕನ್ನಡಕ ಹಾಕಿಕೊಂಡು ವಿಧಾನದ ಹಾಳೆ ನೋಡಿದ. ಚುಕ್ಕಿ ಅಲ್ಲೇ ಇತ್ತು, ಸಾಸಿವೆಯಷ್ಟು ಗಾತ್ರಕ್ಕೆ, ಅವನನ್ನೇ ದಿಟ್ಟಿಸುತ್ತ! ತೆರೆದ ಬಾಯಿ ತೆರೆದೇ ಉಳಿಯಿತು. ಹೆಂಡತಿ ರೂಢಿಬಲದಿಂದ ಅದರೊಳಗೊಮ್ಮೆ ಇಣುಕಿದಳು.

“ಗ್ಲಾಸು ಕೊಡಿ,” ಎಂದರು ಅತ್ತೆ.

ಅವನು ಅಳತೆಯ ಲೋಟವನ್ನೂ ನೀಡಿದ. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿ ಜಿನ್ನನ್ನೂ ವರ್ಮೌತನ್ನೂ ಕಣ್ಣಂದಾಜಿನಲ್ಲೇ ಸುರಿದರು. ಜಾಡಿಯ ಕೆಂಪನ್ನು ಮಾತ್ರ ಗ್ಲಾಸಿಗೊಂದೇ ಚಮಚ ಬಿಟ್ಟರು. ಐಸು ಹಾಕಿ ನಿಧಾನವಾಗಿ ತಿರುವಿದರು. ಕಿತ್ತಳೆ ಸಿಪ್ಪೆಯ ಒಂದು ಚೂರನ್ನು ಮೇಲೆ ಹಿಂಡಿದರು. ಮಿಲಿಮೀಟರ್ ಬಗ್ಗಿ ಕಣ್ಣು ಕಿರಿದಾಗಿಸಿ ನೋಡಿದ. ಮೂರು ಗ್ಲಾಸಿನಲ್ಲೂ ಒಂದೇ ಮಟ್ಟ! ಕೂದಲೆಳೆಯ ವ್ಯತ್ಯಾಸವಿಲ್ಲ! ಅವನ ವೃತ್ತಿಜೀವನವೇ ಆ ಗ್ಲಾಸುಗಳ ಮುಂದೆ ಮಂಡಿಯೂರಿತು.

ಕುಡಿದ. ಮೊದಲು ಕಿತ್ತಳೆಯ ಘಮ ಮೂಗಿಗೆ ಬಂದು ಮಾತಾಡಿಸಿತು. ಹಿಂದೆಯೇ ಸಿಹಿ ಬಂತು. ಅದು ಹೋಗುತ್ತ ಹೋಗುತ್ತ ಬಾಗಿಲು ತೆರೆದಿಟ್ಟು, ಕಹಿಯನ್ನು ಕೈಹಿಡಿದು ಒಳಗೆ ಕರೆದುಕೊಂಡಿತು. ಮಧ್ಯಾಹ್ನವೆಲ್ಲ ಅವನನ್ನು ಅಟ್ಟಾಡಿಸಿದ ಕಹಿಯೇ ಇದು! ಈಗ ಎಷ್ಟು ಸಭ್ಯವಾಗಿ ಕೂತಿದೆ! ಪಕ್ಕದಲ್ಲಿ ಹೆಂಡತಿಯೂ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಸಿಟ್ಟಿನ ಸುಳಿವೂ ಇರಲಿಲ್ಲ.

ಅತ್ತೆ ತಮ್ಮ ಗ್ಲಾಸನ್ನು ಕೊನೆಯ ಹನಿಯವರೆಗೆ ಮುಗಿಸಿದರು. ಉಳಿದ ಐಸಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಕಟಕಟ ಕಡಿದರು. ಆಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, ಆ ಮಾತು ಹೊರಬಿತ್ತು.

“ಚೆನ್ನಾಗಿದೆ.”

ಮಿಲಿಮೀಟರನ ಕಣ್ಣು ತುಂಬಿತು.

“ಯಾವುದು ಅತ್ತೆ? ಬಣ್ಣಾನಾ? ಕಹಿನಾ?”

“ಐಸು,” ಎಂದರು ಅತ್ತೆ. “ಈ ಮನೇಲಿ ಕಹಿಯಾಗದೆ ಉಳಿದಿರೋದು ಅದೊಂದೇ.”

“ಅದು ಬೆಳಗ್ಗೆ ನಾನಿಟ್ಟಿದ್ದಮ್ಮ,” ಎಂದಳು ಹೆಂಡತಿ.