ಸೀಟಿನ ಕಾಲಕ್ಕೆ ಹುಟ್ಟುವ ನೆಂಟರು

ಒಮಾನಿನ ನಿಜ್ವಾದಲ್ಲಿ ಖರ್ಜೂರ ಹಣ್ಣಾಗುವ ಹೊತ್ತಿಗೆ ನಮ್ಮವರ ಮನೆಗಳಲ್ಲಿ ಮೆಡಿಕಲ್ ಸೀಟಿನ ಮಾತೂ ಹಣ್ಣಾಗುತ್ತದೆ. ಪ್ರತಿ ವರ್ಷ ಯಾರದೋ ಮನೆಯಲ್ಲಿ ಏನೋ ಒಂದು ಆಗಿಯೇ ಆಗುತ್ತದೆ. ನಾನು ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸು, ಊರು ಉಡುಪಿ ಕಡೆ. ಬೇರೆಯವರ ಸೀಟಿನ ಕಥೆ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವಳು. ಈ ವರ್ಷ ಸರದಿ ನಮ್ಮ ಮನೆಗೇ ಬಂತು.

ನಮ್ಮ ಒಬ್ಬಳೇ ಮಗಳು ನೀಟ್ ಬರೆದಿದ್ದಳು. ಪಾಸಾದಳು, ಆದರೆ ರ‍್ಯಾಂಕು ತುಂಬಾ ಹಿಂದೆ. ಸರಕಾರಿ ಸೀಟಿಗೆ ಏನೇನೂ ಸಾಲದು. ದುಡ್ಡಿನ ಸೀಟಿಗಾದರೆ ಧಾರಾಳ ಸಾಕು. ಅವಳು ಇನ್ನೊಂದು ವರ್ಷ ಓದಿ ಮತ್ತೆ ಬರೆಯುತ್ತೇನೆ ಅಂತ ಕೂತಳು. ನನ್ನ ಗಂಡನಿಗೆ ಒಂದು ವರ್ಷ ಹಾಳಾಗುತ್ತದಲ್ಲ ಎಂಬ ಹೆದರಿಕೆ. ನನಗೋ, ಎರಡೂ ಕಡೆಯ ಹೆದರಿಕೆ. ಹಗಲಿಡೀ ಡಾಕ್ಟರುಗಳ ಪಕ್ಕ ನಿಲ್ಲುವವಳು ನಾನು. ಮಗಳ ಕುತ್ತಿಗೆಯಲ್ಲಿ ಸ್ಟೆತಸ್ಕೋಪ್ ನೋಡಬೇಕೆಂಬ ಆಸೆ ನನಗೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಅಕ್ಕ ಬೇಕಾಗಿದ್ದಾಳೆ

ಒಂದು ಮಧ್ಯಾಹ್ನ ಊರಿನಿಂದ ಫೋನು. ಗೊತ್ತಿಲ್ಲದ ನಂಬರು. ಎತ್ತಿದ ಕೂಡಲೇ ಆಚೆಯಿಂದ, "ಅಕ್ಕಾ, ಹೇಗಿದ್ದೀ? ಭಾವ ಹೇಗಿದ್ದಾರೆ?"

ನನಗೆ ತಮ್ಮ ಇಲ್ಲ. "ಯಾರು ಮಾತಾಡುದು?" ಅಂದೆ.

"ನಿಮ್ಮ ಅಜ್ಜಿ ಮನೆಯ ಹತ್ತಿರದವ ಅಕ್ಕ. ಸಣ್ಣದಿರುವಾಗ ನೀವು ನನ್ನನ್ನು ಎತ್ತಿಕೊಂಡಿದ್ದೀರಂತೆ. ಅಮ್ಮ ಯಾವಾಗಲೂ ಹೇಳ್ತಾರೆ."

ವಿಷಯ ಇಷ್ಟು. ಅವರ ಮಗನಿಗೆ ಎನ್ನಾರೈ ಕೋಟಾದಲ್ಲಿ ಸೀಟು ಬೇಕು. ಅದಕ್ಕೆ ಹೊರದೇಶದಲ್ಲಿ ಒಬ್ಬ ಹತ್ತಿರದ ನೆಂಟರು ಬೇಕು. ಹತ್ತಿರದ ನೆಂಟರು ಅಂದರೆ ಒಡಹುಟ್ಟಿದವರಾದರೆ ಇನ್ನೂ ಚಂದ. ಅವರು ಹುಡುಕಿ ಹುಡುಕಿ ನನ್ನನ್ನು ತೆಗೆದಿದ್ದಾರೆ. "ವಂಶವೃಕ್ಷದಲ್ಲಿ ನಿಮ್ಮ ಹೆಸರು ಸೇರಿಸಿದರೆ ಆಯ್ತು ಅಕ್ಕ. ನೀವು ಎಂತದೂ ಮಾಡ್ಲಿಕ್ಕಿಲ್ಲ. ಒಂದು ಸೈನು ಅಷ್ಟೆ. ಕಾಗದದ ಮಟ್ಟಿಗೆ ನಾವಿಬ್ಬರೂ ಒಂದೇ ತಾಯಿಯ ಮಕ್ಕಳು."

ನನಗೆ ಸಿಟ್ಟು ನೆತ್ತಿಗೇರಿತು. ಹೆತ್ತಮ್ಮನನ್ನೇ ಬದಲಾಯಿಸುವ ಮಾತು ನೋಡಿ! ಬಾಯಿ ತೆರೆಯುವುದರೊಳಗೆ, ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ನನ್ನ ಗಂಡ ಫೋನು ಕಸಿದುಕೊಂಡರು. ಅವರು ಅಕೌಂಟ್ಸಿನವರು, ದನಿ ಏರಿಸುವ ಜಾತಿಯಲ್ಲ.

"ಒಳ್ಳೆಯದಾಯ್ತು ಭಾವ," ಅಂದರು ಬಹಳ ಮೆತ್ತಗೆ. "ಒಂದು ಸಂಶಯ. ನಿಮ್ಮದೂ ಅಳಿಯಕಟ್ಟಿನ ಕುಟುಂಬ ಅಲ್ವಾ? ಆಸ್ತಿ ಹೆಣ್ಣುಮಕ್ಕಳ ಕಡೆಗೇ ಹೋಗುವುದಲ್ವಾ? ಹಾಗಾದರೆ ಇವಳ ಪಾಲಿಗೆ ಎಷ್ಟು ಬರ್ತದೆ, ಸ್ವಲ್ಪ ನೋಡಿ ಹೇಳ್ತೀರಾ?"

ಆಚೆ ಕಡೆಯಿಂದ ಫೋನು ಕಟ್ಟಾಯಿತು. ಅವತ್ತಿನಿಂದ ಇವತ್ತಿನವರೆಗೆ ನನ್ನ ತಮ್ಮನ ಸುದ್ದಿಯಿಲ್ಲ.

ಒಳಗಿನ ಮೆರಿಟ್ಟು

ಅಲ್ ಅಮೇರಾತ್ ಎಂಬ ಊರಿನಲ್ಲಿ ಕನ್ನಡದವರ ಮನೆಯಲ್ಲಿ ಒಂದು ಸೀಮಂತ. ಅಲ್ಲಿ ಬಾಗಲಕೋಟೆ ಕಡೆಯ ಒಬ್ಬರು ಹೆಂಗಸು, ಮಗನನ್ನು ಹಿಂದಿನ ವರ್ಷ ಮೆಡಿಕಲ್‌ಗೆ ಸೇರಿಸಿದವರು, ನನ್ನ ಪಕ್ಕ ಕೂತು ಹೋಳಿಗೆ ಮುರಿಯುತ್ತಿದ್ದರು. ಬಾಯಿಬಿಟ್ಟರೆ ಮಗ.

"ನಿಮ್ಮ ಮಗಳದ್ದು ಏನಾತ್ರೀ?" ಅಂತ ಕೇಳಿದರು. ಹೇಳಿದೆ. ಡೊನೇಷನ್ನಿನ ಮಾತು ನಡೀತಾ ಉಂಟು, ನನಗೆ ಮನಸ್ಸಿಲ್ಲ, ಅಂತಲೂ ಹೇಳಿದೆ.

ಅವರು ಹೋಳಿಗೆ ಕೆಳಗಿಟ್ಟರು. "ಅಯ್ಯ, ನಾವಂತೂ ಅದೆಲ್ಲಾ ಮಾಡಂಗಿಲ್ಲ ನೋಡ್ರಿ. ನಮ್ಮ ಹುಡುಗಂದು ಪಕ್ಕಾ ಮೆರಿಟ್ಟು."

ನನಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ಓದಿ ಗೆದ್ದ ಮಗನ ತಾಯಿಯ ಎದುರು ಇದೆಲ್ಲ ಯಾಕೆ ಹೇಳಿದೆ ಅನ್ನಿಸಿತು. "ನೀವು ಪುಣ್ಯ ಮಾಡಿದ್ದೀರಿ," ಅಂದೆ.

"ಹೌದ್ರೀ ಮತ್ತ," ಅಂದರು ಅವರು ತುಪ್ಪ ಸುರುವಿಕೊಳ್ಳುತ್ತ. "ಮ್ಯಾನೇಜ್‌ಮೆಂಟ್ ಕೋಟಾದಾಗ ಇವನ ಮಾರ್ಕ್ಸೇ ಎಲ್ಲಾರಕಿಂತ ಹೆಚ್ಚು!"

ಒಂದೇ ಒಂದು ಪ್ರಶ್ನೆ

ನನ್ನ ಗಂಡನ ಅಣ್ಣ ರೂವಿ ಪೇಟೆಯಲ್ಲಿ ವಾಹನಗಳ ಬಿಡಿಭಾಗದ ಅಂಗಡಿ ಇಟ್ಟವರು. ನನಗೆ ಭಾವ, ಮಗಳಿಗೆ ದೊಡ್ಡಪ್ಪ. ಮನಸ್ಸು ಬೆಣ್ಣೆ. ಆದರೆ ಲೋಕದಲ್ಲಿ ಗುರುತಿನವರ ಮೂಲಕ ಆಗದ ಕೆಲಸ ಒಂದಾದರೂ ಉಂಟು ಅಂತ ಅವರು ನಂಬಲಿಕ್ಕೆ ತಯಾರಿಲ್ಲ. ಮಕ್ಕಳಿಲ್ಲದವರು, ನಮ್ಮ ಮಗಳ ಮೇಲೆ ಪ್ರಾಣ. "ನನ್ನ ಮಗುವಿಗೆ ಸೀಟು ಸಿಗುದಿಲ್ವಾ? ನಾನು ಸತ್ತಿದ್ದೇನಾ?" ಅಂತ ಎದ್ದು ನಿಂತರು.

ಸೀಟಿನ ಕಾಲದಲ್ಲಿ ಊರಿನಿಂದ ಏಜೆಂಟರು ಗಲ್ಫ್ ಸುತ್ತಲಿಕ್ಕೆ ಬರುತ್ತಾರೆ. ಭಾವನಿಗೆ ಒಬ್ಬರು ಸಿಕ್ಕಿದರು. ಒಂದು ಶುಕ್ರವಾರ ನಾವು ಮೂವರೂ ನಿಜ್ವಾದಿಂದ ಕಾರಿನಲ್ಲಿ ರೂವಿಗೆ ಹೋದೆವು. ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಭೇಟಿ. ಮಗಳು ದಾರಿಯುದ್ದಕ್ಕೂ ಬಯಾಲಜಿ ಓದಿಕೊಂಡೇ ಬಂದಿದ್ದಳು, ಕಾಲೇಜಿನ ಕಡೆಯವರು ಏನಾದರೂ ಕೇಳಿದರೆ ಅಂತ.

ಏಜೆಂಟರು ಬಿಳಿ ಅಂಗಿಯ, ಅತ್ತರು ಹಾಕಿದ ಮನುಷ್ಯ. "ನಮ್ಮ ಸಂಸ್ಥೆಯಲ್ಲಿ ಡೊನೇಷನ್ ಎಂಬ ಶಬ್ದವೇ ಇಲ್ಲ," ಅಂದರು. "ಪೋಷಕರ ಅಭಿಮಾನ, ಅಷ್ಟೆ."

"ಅಭಿಮಾನ ಎಷ್ಟಾಗ್ತದೆ?" ಅಂತ ನನ್ನ ಗಂಡ.

"ಅದು ನಿಮ್ಮ ಅನುಕೂಲ ನೋಡಿಕೊಂಡು. ತಾವು ಯಾವ ಕಂಪನಿ? ಎಷ್ಟು ವರ್ಷವಾಯ್ತು? ಊರಲ್ಲಿ ಜಾಗ ಉಂಟಾ? ರಸ್ತೆ ಬದಿಯದ್ದಾ? ಮೇಡಂ ಸಂಬಳ ಬೇರೆ ಉಂಟಲ್ಲ?"

ನನ್ನ ಗಂಡ ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತು ಒಂದೊಂದಕ್ಕೂ ಉತ್ತರ ಕೊಟ್ಟರು. ರಸ್ತೆ ಬದಿಯ ಜಾಗ ಅಂದಾಗ ಏಜೆಂಟರ ಮುಖ ಅರಳಿತು. ಮಗಳ ಕಡೆ ಅವರು ತಿರುಗಿದ್ದು ಒಂದೇ ಸಲ. ಅವಳು ಕೂಡಲೇ ಬೆನ್ನು ನೇರ ಮಾಡಿದಳು.

"ಮಗೂ, ಐಸ್‌ಕ್ರೀಮ್ ತಿಂತೀಯಾ?"

ವಾಪಸು ಬರುವಾಗ ಕಾರಿನಲ್ಲಿ ಹಿಂದಿನ ಸೀಟಿನಿಂದ ಮಗಳು ಇಂಗ್ಲಿಷಿನಲ್ಲಿ ಕೇಳಿದಳು: "ಪಪ್ಪಾ, ಇಂಟರ್‌ವ್ಯೂ ಚೆನ್ನಾಗಿ ಮಾಡಿದಿರಿ. ಹಾಸ್ಟೆಲಿಗೆ ಯಾವಾಗ ಹೋಗ್ತೀರಿ?"

ವಾಸ್ತಾ ಸಾಲದು

ನಮ್ಮ ವಾರ್ಡಿನಲ್ಲಿ ಒಬ್ಬಳು ಒಮಾನಿ ನರ್ಸ್ ಇದ್ದಾಳೆ, ನನ್ನ ಜೊತೆಗಾತಿ. ನನ್ನ ಮುಖ ನೋಡಿಯೇ, ಏನಾಯಿತು ಅಂತ ಕೇಳಿದಳು. ಅರ್ಧ ಇಂಗ್ಲಿಷು, ಅರ್ಧ ಅರಬ್ಬಿಯಲ್ಲಿ ಸೀಟಿನ ಕಥೆ ಹೇಳಿದೆ.

"ಓಹೋ, ವಾಸ್ತಾ!" ಅಂದಳು. ಪ್ರಭಾವಿಗಳ ಪರಿಚಯ ಹಿಡಿದು ಕೆಲಸ ಮಾಡಿಸುವುದಕ್ಕೆ ಇಲ್ಲಿ ಹಾಗನ್ನುತ್ತಾರೆ.

"ಅಲ್ಲ. ದುಡ್ಡು ಕೊಡಬೇಕು."

"ಹಾಗಾದರೆ ವಾಸ್ತಾ ಬೇಡ."

"ಅದೂ ಬೇಕು. ಭಾವ ಅದಕ್ಕೇ ಓಡಾಡ್ತಿರುವುದು."

ಅವಳು ಕೈಯಲ್ಲಿದ್ದ ಔಷಧಿಯ ಟ್ರೇ ಇಳಿಸಿ ನಿಂತಳು. ಪಾಪ, ಲೆಕ್ಕ ಹಿಡಿಯಲಿಕ್ಕೆ ನೋಡಿದಳು. "ವಾಸ್ತಾ ಇದ್ದರೆ ದುಡ್ಡು ಯಾಕೆ? ದುಡ್ಡು ಕೊಟ್ಟರೆ ವಾಸ್ತಾ ಯಾಕೆ?"

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಅಂತ ನಮ್ಮಲ್ಲಿ ಒಂದು ಮಾತುಂಟು. ಅದನ್ನು ಅರಬ್ಬಿಯಲ್ಲಿ ಹೇಳುವುದು ಹೇಗೆ? ನಿಜ ಏನೋ ಅದನ್ನೇ ಹೇಳಿದೆ.

"ವಾಸ್ತಾ ಬೇಕಾಗುವುದು, ನಮ್ಮ ದುಡ್ಡನ್ನು ದಯವಿಟ್ಟು ತೆಗೆದುಕೊಳ್ಳಿ ಅಂತ ಅವರನ್ನು ಒಪ್ಪಿಸಲಿಕ್ಕೆ."

ಭಾವನ ಎದೆನೋವು

ಕೊನೆಯ ಸುತ್ತಿನ ಸೀಟು ಹಂಚುವ ಕಾಲ ಬಂತು. ಏಜೆಂಟರು ಸೀಟು ಇಟ್ಟುಕೊಂಡು ಕಾಯುತ್ತಿದ್ದಾರಂತೆ, ಹೂಂ ಅಥವಾ ಊಹೂಂ ಸಂಜೆಯೊಳಗೆ ಹೇಳಬೇಕಂತೆ. ಹೂಂ ಅನ್ನಿಸಿಯೇ ಹೋಗುವುದೆಂದು ಭಾವ ಖುದ್ದಾಗಿ ನಿಜ್ವಾಕ್ಕೆ ಬಂದರು. ನನ್ನ ಗಂಡ ಆಗಲೇ ಮುಕ್ಕಾಲು ಒಪ್ಪಿದ್ದರು. ರಸ್ತೆ ಬದಿಯ ಜಾಗಕ್ಕೆ ಊರಲ್ಲಿ ಗಿರಾಕಿಯನ್ನೂ ನೋಡಿಯಾಗಿತ್ತು. ಮಗಳು ರೂಮಿನಿಂದ ಹೊರಗೆ ಬರಲಿಲ್ಲ.

ಊಟಕ್ಕೆ ಖಾರದ ಕೋಳಿ ಸಾರು ಸುರಿದ ಕೋರಿ ರೊಟ್ಟಿ ಮಾಡಿದ್ದೆ. ಭಾವ ಬೇಡ ಬೇಡ ಅನ್ನುತ್ತಲೇ ಮೂರು ಸಲ ಹಾಕಿಸಿಕೊಂಡರು. ಕೈ ತೊಳೆದು ಸೋಫಾದಲ್ಲಿ ಕೂತವರು, "ಹೂಂ ಅಂತ ಹೇಳಿಬಿಡ್ಲಾ?" ಅಂತ ಫೋನು ತೆಗೆದರು. ತೆಗೆದವರು ಹಾಗೆಯೇ ಎದೆ ಹಿಡಿದುಕೊಂಡರು. ಮುಖ ಬಿಳುಚಿ, ಹಣೆ ತುಂಬ ಬೆವರು. ಎಷ್ಟೋ ಜನರ ಎದೆನೋವು ಕಂಡವಳು ನಾನು, ಆದರೆ ಮನೆಯವರದ್ದು ಬೇರೆಯೇ.

ನನ್ನ ಗಂಡ ಕಾರು ಓಡಿಸಿದರು. ಮಗಳು ಹಿಂದೆ ಕೂತು ದೊಡ್ಡಪ್ಪನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು, "ಏನಾಗುದಿಲ್ಲ ದೊಡ್ಡಪ್ಪ, ಉಸಿರು ನಿಧಾನ ತಗೊಳ್ಳಿ," ಅಂತ ಹೇಳುತ್ತಲೇ ಇದ್ದಳು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವತ್ತು ಅಷ್ಟೂ ಕನ್ನಡದಲ್ಲೇ ಮಾತಾಡಿದಳು.

ನಮ್ಮ ಆಸ್ಪತ್ರೆಯ ಎಮರ್ಜೆನ್ಸಿಯಲ್ಲೇ ಮಲಗಿಸಿದೆವು. ಡ್ಯೂಟಿಯಲ್ಲಿದ್ದದ್ದು ಧಾರವಾಡ ಕಡೆಯ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು. ಹೊಸಬರು, ಮೀಸೆಯೂ ಸರಿಯಾಗಿ ಬಂದಿಲ್ಲ. ಅವರು ಪರದೆ ಸರಿಸಿ ಒಳಗೆ ಬರುವುದನ್ನು ನೋಡಿದ್ದೇ ಭಾವ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹತ್ತಿರಕ್ಕೆ ಎಳೆದು ಕಿವಿಯಲ್ಲಿ ಕೇಳಿದರು.

"ಇವ ಮೆರಿಟ್ಟೋ ಡೊನೇಷನ್ನೋ?"

"ಭಾವ, ಸುಮ್ಮನೆ ಮಲಗಿ," ಅಂದೆ.

"ನೀನು ಮೊದಲು ವಿಚಾರಿಸು ಮಾರಾಯ್ತಿ. ಪ್ರಾಣದ ಪ್ರಶ್ನೆ."

ಪಿಸುಗುಟ್ಟಿದ್ದು ಅಂತ ಅವರ ಲೆಕ್ಕ. ಪಕ್ಕದ ಮಂಚದವರಿಗೂ ಕೇಳಿಸಿರಬೇಕು. ಡಾಕ್ಟರು ನಗದೆ, ಕೋಪಿಸಿಕೊಳ್ಳದೆ ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಂಡರು. "ಮೆರಿಟ್ಟೇ ಐತ್ರಿ ಕಾಕಾ. ಅಂಗಿ ಗುಂಡಿ ಬಿಚ್ಚ್ರಿ."

ಭಾವ ಆಮೇಲೇ ನನ್ನ ಕೈ ಬಿಟ್ಟದ್ದು.

ಇಸಿಜಿ ಆಯಿತು, ರಕ್ತ ಪರೀಕ್ಷೆ ಆಯಿತು, ಕಾದದ್ದಾಯಿತು, ಇನ್ನೊಮ್ಮೆ ಪರೀಕ್ಷೆಯೂ ಆಯಿತು. ಹೃದಯ ಗಟ್ಟಿ. ತೊಂದರೆ ಹೊಟ್ಟೆಯದ್ದು, ಕೋರಿ ರೊಟ್ಟಿಯದ್ದು. ಡಾಕ್ಟರು ಅದನ್ನು ಹೇಳಿ ಹೋದಾಗ ನನ್ನ ಗಂಡ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಾನು ಅತ್ತೇಬಿಟ್ಟೆ. ಭಾವ ಮಾತ್ರ ಮಂಚದಲ್ಲಿ ಕೂತು, "ಒಳ್ಳೆ ಡಾಕ್ಟರು ಮಾರಾಯ್ರೆ. ಓದಿದವನ ಕೈಯೇ ಬೇರೆ. ಮುಟ್ಟುವಾಗಲೇ ಗೊತ್ತಾಗ್ತದೆ," ಅಂತ ಹೊಗಳಲಿಕ್ಕೆ ಶುರುಮಾಡಿದರು.

ಮಗಳು ಅವರ ಕಾಲ ಬಳಿ ನಿಂತಿದ್ದಳು. "ದೊಡ್ಡಪ್ಪ, ನಾನು ಡಾಕ್ಟರಾದ ಮೇಲೆ ನಿಮಗೆ ಎದೆನೋವು ಬಂದ್ರೆ ನನ್ನ ಹತ್ರ ಬರ್ತೀರಾ?"

ಯೋಚಿಸಲಿಕ್ಕೆ ಸ್ವಲ್ಪ ಸಮಯ ಸಿಕ್ಕಿದ್ದರೆ ಭಾವ ಪ್ರೀತಿಯಿಂದ ಒಂದು ಸುಳ್ಳು ಹೇಳುತ್ತಿದ್ದರು. ಆದರೆ ಜೀವಭಯ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ನಿನ್ನ ಹತ್ರವಾ? ಇಲ್ಲ ಮಗಾ," ಅಂದುಬಿಟ್ಟರು. "ನಿನ್ನ ಸೀಟು ಮಾಡಿಸುವವ ನಾನೇ ಅಲ್ವಾ? ನನಗೆ ಗೊತ್ತಿರ್ತದಲ್ಲ!"

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಅಂತ ಅವರಿಗೇ ಕೇಳಿಸಿತು. ನನ್ನ ಗಂಡ ತಲೆ ತಗ್ಗಿಸಿದರು. ಮಗಳ ಕಣ್ಣು ತುಂಬಿತ್ತು, ಆದರೆ ಅವಳು ನಗುತ್ತಿದ್ದಳು. ರಿಸಲ್ಟ್ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊದಿಕೆಯನ್ನು ಎಳೆದು ದೊಡ್ಡಪ್ಪನ ಕಾಲು ಮುಚ್ಚಿದಳು.

"ಹಾಗಾದ್ರೆ ಇನ್ನೊಂದು ವರ್ಷ ಓದ್ತೇನೆ ದೊಡ್ಡಪ್ಪ."

ಯಾರೂ ಬೇಡ ಅನ್ನಲಿಲ್ಲ. ಭಾವ ಮೆಲ್ಲಗೆ ಫೋನು ತೆಗೆದು ನೋಡಿದರು. ಏಜೆಂಟರು ಆಗಲೇ ಹಲವು ಸಲ ಕರೆ ಮಾಡಿದ್ದರು.

"ಅವರಿಗೆ ಈಗ ಎಂತ ಹೇಳುದು?" ಅಂತ ಕೇಳಿದರು, ಸಣ್ಣ ಸ್ವರದಲ್ಲಿ.

ಮಗಳು ಹೇಳಿದಳು, "ಪೇಷಂಟ್ ಒಪ್ಪಲಿಲ್ಲ ಅಂತ ಹೇಳಿ."